ತಪ್ಪು: ಸೊನ್ನೆ

ನಮ್ಮ ಆಸ್ಪತ್ರೆಯಲ್ಲಿ ರೋಗಿಗೆ ಹಾಸಿಗೆ ಕೊಡುವುದರಿಂದ ಹಿಡಿದು ಎಲ್ಲ ಲೆಕ್ಕಾಚಾರವನ್ನೂ ಡೇಟಾಬೇಸಿನೊಳಗೆ ಬರೆದಿಟ್ಟ ಪ್ರೊಸೀಜರ್ ಎಂಬ ಆರುನೂರು ಪುಟ್ಟ ಪ್ರೋಗ್ರಾಮ್‌ಗಳೇ ಮಾಡುತ್ತವೆ. ಅವನ್ನು ಓಡಿಸದೆ, ಬರೀ ಓದಿಯೇ ತಪ್ಪು ಹಿಡಿಯುವ ಚೆಕ್ಕರ್ ಒಂದನ್ನು ನಮ್ಮ ಕಂಪ್ಯೂಟರ್ ವಿಭಾಗದ ಸಾಹೇಬರು ಸ್ವತಃ ಬರೆದರು. ಮೂರು ತಿಂಗಳು ದಿನಾ ಬೆಳಿಗ್ಗೆ ಒಂದೇ ವರದಿ: ತಪ್ಪು ಸೊನ್ನೆ. ಅದನ್ನು ಅವರು ಪ್ರಿಂಟ್ ತೆಗೆಸಿ ನೀರಿನ ಫಿಲ್ಟರ್ ಮೇಲೆ ಅಂಟಿಸುತ್ತಿದ್ದರು, ಬಾಯಾರಿದವರೆಲ್ಲ ನೋಡಲೆಂದು.

ಆ ಪ್ರೊಸೀಜರ್‌ಗಳನ್ನು ಬರೆಯುವವರಲ್ಲಿ ನಾನೂ ಒಬ್ಬಳು; ನನ್ನ ಕೋಡ್‌ನಲ್ಲಿ ತಪ್ಪೇ ಇಲ್ಲವೆಂದರೆ ನಾನೇ ನಂಬುವುದಿಲ್ಲ. ಒಂದು ದಿನ ಬೇಕೆಂದೇ, ಡೇಟಾಬೇಸಿನಲ್ಲೇ ಇಲ್ಲದ ಟೇಬಲ್‌ನಿಂದ ರೋಗಿಗಳ ಹೆಸರು ಓದುವ ಪ್ರೊಸೀಜರ್ ಬರೆದಿಟ್ಟೆ. ಮರುದಿನವೂ ಸೊನ್ನೆ. ಚೆಕ್ಕರನ್ನೇ ಬಿಚ್ಚಿ ನೋಡಿದೆ. ಅದರಲ್ಲಿದ್ದ ಪಾಸ್‌ವರ್ಡ್ ತಪ್ಪು. ಪಾಪ, ಅದು ಒಂದು ದಿನವೂ ಡೇಟಾಬೇಸಿನ ಹೊಸ್ತಿಲು ದಾಟಿರಲಿಲ್ಲ. ಹಾಗೆಂದು ಹೇಳಿಕೊಳ್ಳುವಂತೆಯೂ ಇರಲಿಲ್ಲ. ಯಾವ ಎರರ್ ಬಂದರೂ ಸುಮ್ಮನಿರಬೇಕೆಂದು ಸಾಹೇಬರೇ ಕೊನೆಯ ಸಾಲಿನಲ್ಲಿ ಅದರ ಬಾಯಿಗೆ ಬೀಗ ಜಡಿದಿದ್ದರು. ಒಂದಕ್ಷರವನ್ನೂ ಓದದವರಿಗೆ ತಪ್ಪು ಕಾಣುವುದಾದರೂ ಹೇಗೆ?

ಪಾಸ್‌ವರ್ಡ್ ಸರಿಮಾಡಿ, ಆ ಸಾಲನ್ನು ಕಿತ್ತುಹಾಕಿ ಓಡಿಸಿದೆ. ನಾಲ್ಕು ಸಾವಿರದ ಹನ್ನೆರಡು ತಪ್ಪು.

ಸಾಹೇಬರು ಹೊಸ ವರದಿಯ ಹಾಳೆಯನ್ನು ತಿರುವಿ ತಿರುವಿ ನೋಡಿದರು.

"ನೀವು ಕೈ ಹಾಕೋ ತನಕ ಎಷ್ಟಿತ್ತಮ್ಮ?"

"ಸೊನ್ನೆ ಸಾರ್. ಆದ್ರೆ ಅದು ಏನನ್ನೂ ಓದ್ತಾನೇ ಇರ್ಲಿಲ್ಲ."

"ಕೇಳಿದ್ದಕ್ಕಷ್ಟೇ ಉತ್ತರ ಕೊಡಿ."

ಸಂಜೆ ಎಲ್ಲರಿಗೂ ಅವರ ಮೇಲ್ ಬಂತು. ಒಂದೇ ದಿನದಲ್ಲಿ ನಾಲ್ಕು ಸಾವಿರದ ಹನ್ನೆರಡು ತಪ್ಪು ಮಾಡಿದವರ ಪಟ್ಟಿ ಅದರಲ್ಲಿತ್ತು. ಪಟ್ಟಿಯಲ್ಲಿದ್ದದ್ದು ಒಂದೇ ಹೆಸರು, ನನ್ನದು.