ಕೊರಳಿಗೆ ಕಟ್ಟಿದ ಲಾಕ್

ಸೀಮೆಎಣ್ಣೆಯಲ್ಲಿ ಕಲಸಿದ ನೀಲಿಪುಡಿಯ ವಾಸನೆ, ಅದೇ ಎಸ್ತೆರಳ ಬಾಲ್ಯದ ವಾಸನೆ. ಸೂಜಿಯಿಂದ ತೂತು ಹೊಡೆದ ಕಾಗದವನ್ನು ಬಟ್ಟೆಯ ಮೇಲಿಟ್ಟು ಅಮ್ಮ ಆ ನೀಲಿಯನ್ನು ಉಜ್ಜಿದರೆ ದಿಂಬಿನ ಚೀಲದಲ್ಲಿ ಹೂವು ಮೂಡುತ್ತಿತ್ತು. ಅಮ್ಮನಿಂದ ಬಂದ ಕೈಗುಣವೇ ಎಸ್ತೆರಳಿಗೆ ಕಂಕನಾಡಿಯ ಈ ಎಂಬ್ರಾಯ್ಡರಿ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಅನ್ನ ಹಾಕಿತ್ತು.

"ಕೈ ಎತ್ತು ಅಂದೆ! ಕಿವಿ ಕೇಳುವುದಿಲ್ವಾ, ಬೇವರ್ಸಿ?"

ಧಣಿ ಚಿತ್ತರಂಜನ ಅರಚಿದ. ಎಸ್ತೆರ್ ಕೈ ಎತ್ತಿದಳು. ಕೆಲಸ ನೋಡಿಕೊಳ್ಳುವ ಗ್ಲ್ಯಾಡಿಸ್, ಅವಳ ರವಿಕೆಯೊಳಗೆ ಕೈ ಹಾಕುವ ಮೊದಲು ತನ್ನ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡಳು.

ಕಾಣೆಯಾದದ್ದು ಹೆಬ್ಬೆರಳಿನಷ್ಟು ದೊಡ್ಡ, ಪೆನ್‌ಡ್ರೈವಿನಂಥ ಒಂದು ಲಾಕ್. ಅದನ್ನು ಕಂಪ್ಯೂಟರಿಗೆ ಸಿಕ್ಕಿಸದೆ ಡಿಸೈನಿನ ಸಾಫ್ಟ್‌ವೇರ್ ತೆರೆಯುವುದಿಲ್ಲ. ಎಸ್ತೆರ್ ಕೈಯಾರೆ ಬರೆದ ನಾನೂರು ಹೂಬಳ್ಳಿಗಳೂ ಈಗ ಆ ಸಾಫ್ಟ್‌ವೇರಿನೊಳಗೇ ಇದ್ದವು. ಧಣಿ ಲಾಕನ್ನು ಕಪ್ಪು ದಾರಕ್ಕೆ ಪೋಣಿಸಿ ಅಕ್ಕನ ಮಗಳು ಮನ್ವಿತಾಳ ಕೊರಳಿಗೆ ಹಾಕಿದ್ದ. ದಿನಾ ಸಂಜೆ ಅವಳು ಅವನ ಡ್ರಾಯರಿನಲ್ಲಿಟ್ಟು ಹೋಗಬೇಕಾದ ಲಾಕ್ ಇವತ್ತು ಬೆಳಿಗ್ಗೆ ಅಲ್ಲಿರಲಿಲ್ಲ. ಇಪ್ಪತ್ತಮೂರರ ಹುಡುಗಿಗೆ ಫ್ಯಾನಿನ ಕೆಳಗೆ ತಿರುಗುವ ಕುರ್ಚಿ. ಎಸ್ತೆರಳಿಗೆ ಮೆಷಿನ್ನಿನ ಬುಡದಲ್ಲಿ ಮಂಡಿಯೂರಿ ನೂಲು ಕತ್ತರಿಸುವ ಕೆಲಸ. ತಾನು ಬರೆದ ಬಳ್ಳಿಯನ್ನು ಆ ಹುಡುಗಿ ಪರದೆಯ ಮೇಲೆ ಎಳೆದಾಡುವಾಗ ಎಸ್ತೆರಳ ಹೊಟ್ಟೆಯಲ್ಲಿ ಕಿಚ್ಚು ಏಳುತ್ತಿತ್ತು. ಒಮ್ಮೆ ಮನೆಯ ಕನ್ನಡಿಯ ಮುಂದೆ ಕಪ್ಪು ದಾರ ಕಟ್ಟಿಕೊಂಡು ನೋಡಿದ್ದಳು. ನಾಚಿಕೆಯಾಗಿ ಕೂಡಲೇ ಬಿಚ್ಚಿದ್ದಳು.

ಧಣಿಯ ಫೋನಿನಲ್ಲಿ ಸಾಫ್ಟ್‌ವೇರ್ ಮಾರಿದವನ ಸ್ವರ ಎಲ್ಲರಿಗೂ ಕೇಳುತ್ತಿತ್ತು. "ಲಾಕ್ ಹೋದರೆ ಸಾಫ್ಟ್‌ವೇರೇ ಹೋದ ಹಾಗೆ, ಸಾರ್. ಹೊಸತೇ ತೆಗೀಬೇಕು."

"ಪೂರಾ ದುಡ್ಡು ಕೊಟ್ಟು ತೆಗೆದದ್ದಲ್ವಾ ಮಾರಾಯ!"

"ನೀವೇ ಯಾರಿಗಾದ್ರೂ ಮಾರಿ, ಕಳೆದುಹೋಯ್ತು ಅಂದ್ರೆ ನಮಗೆ ಹೇಗೆ ಗೊತ್ತಾಗಬೇಕು?"

ಧಣಿ ಫೋನನ್ನು ಮೇಜಿಗೆ ಕುಕ್ಕಿದ. "ದುಡ್ಡು ಕೊಟ್ಟವನನ್ನೇ ಕಳ್ಳ ಅಂತಾನಲ್ಲ, ನಾಯಿ!"

"ಬೇಜಾರಾಗ್ತದೆ ಅಲ್ವಾ, ಧಣಿ?" ಎತ್ತಿದ ಕೈ ಇಳಿಸದೆ ಎಸ್ತೆರ್ ಕೇಳಿದಳು.

ಅವನು ಅವಳ ಚೀಲ ಎತ್ತಿ ತಲೆಕೆಳಗೆ ಕೊಡವಿದ. ಊಟದ ಡಬ್ಬಿ ಬಾಯಿ ಬಿಟ್ಟಿತು. ಕುಚ್ಚಲಕ್ಕಿ ಅನ್ನ, ಒಣ ಸಿಗಡಿ ಚಟ್ನಿ ನೆಲದ ಪಾಲಾಯಿತು.

"ಮನ್ವಿತಾಳನ್ನೂ ನೋಡ್ಬೇಕಾ?" ಗ್ಲ್ಯಾಡಿಸ್ ಮೆಲ್ಲ ಕೇಳಿದಳು.

"ಅವಳು ನಮ್ಮ ಹುಡುಗಿ. ಬೇಡ."

ಡಬ್ಬಿ ಹೆಕ್ಕಲು ಬಗ್ಗಿದ ಎಸ್ತೆರಳಿಗೆ ಕಂಡಿತು: ಹುಡುಗಿಯ ಹೆಗಲಿನ ಶಾಲಿನ ಅಡಿಯಲ್ಲಿ ಕಪ್ಪು ದಾರ. ನಿನ್ನೆ ಧಣಿ ಯಾರದ್ದೋ ಮೆಹೆಂದಿಗೆಂದು ಬೇಗ ಹೋಗಿದ್ದ. ಲಾಕನ್ನು ಅವನ ಡ್ರಾಯರಿನಲ್ಲಿ ಇಡಬೇಕಾದ ಹುಡುಗಿ ಮರೆತು ಕೊರಳಲ್ಲೇ ಮನೆಗೆ ಒಯ್ದಿದ್ದಳು. ಬೆಳಿಗ್ಗೆ ಈ ಅಬ್ಬರ ಕೇಳಿ ಹೆದರಿ ಶಾಲನ್ನು ಕೊರಳಿನ ಮೇಲೆ ಎಳೆದುಕೊಂಡಿದ್ದಳು.

"ಗೊತ್ತಿದ್ದವರು ಬಾಯಿ ಬಿಡಿ," ಎಂದ ಧಣಿ. "ಹೇಳಿದವಳಿಗೆ ನಾಳೆಯಿಂದ ಆ ಕುರ್ಚಿ. ಲಾಕೂ ಅವಳದ್ದೇ."

ಆ ಹುಡುಗಿಯೂ ಕೈ ಎತ್ತಿ ನಿಲ್ಲಲಿ, ನೋಡುವ, ಎಂದಿತು ಎಸ್ತೆರಳ ಮನಸ್ಸು. ಮಾತು ನಾಲಿಗೆಯ ತುದಿಗೂ ಬಂತು. ಆದರೆ ಗ್ಲ್ಯಾಡಿಸಳ ಬೆರಳು ತಡಕಾಡಿದ ಜಾಗ ಇನ್ನೂ ಮೈಮೇಲೆ ಹಸಿಯಾಗಿತ್ತು.

"ನನಗೆ ಗೊತ್ತುಂಟು."

"ಹೇಳು!"

"ಹೇಳುವುದಿಲ್ಲ. ಮೊದಲು ನೀವು ಬಗ್ಗಿ ಆ ಅನ್ನ ಬಾಚಿ."

"ಹೊರಗೆ ಬೀಳು, ರಂಡೆ! ಇನ್ನು ಈ ಮೆಟ್ಟಿಲು ಹತ್ತಿದರೆ ಕಾಲು ಮುರಿತೇನೆ!"

ಎಸ್ತೆರ್ ಇಳಿದು ಬಂದು ಕೆಳಗಿನಿಂದ ಮೂರನೇ ಮೆಟ್ಟಿಲ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ಮೇಲೆ ಮೆಷಿನ್ನುಗಳು ಗುಂಯ್‌ಗುಡತೊಡಗಿದವು. ಲಾಕ್ ಎಲ್ಲೋ "ಸಿಕ್ಕಿರಬೇಕು". ಯಾರೂ ಅವಳನ್ನು ಕರೆಯಲಿಲ್ಲ. ಈಗ ಆ ಹುಡುಗಿ ಕುರ್ಚಿಯಲ್ಲಿ ಕೂತು ತನ್ನ ಯಾವ ಬಳ್ಳಿಯನ್ನು ತೆರೆದಿದ್ದಾಳೋ! ಹೇಳಿಬಿಡಬೇಕಿತ್ತು ಎಂದು ಹೊಟ್ಟೆ ಉರಿಯುತ್ತಲೇ ಇತ್ತು.

ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಮನ್ವಿತಾ ಒಬ್ಬಳೇ ಇಳಿದು ಬಂದು ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ನಿಂತಳು. ಮುಖ ಎತ್ತಲಿಲ್ಲ. ತನ್ನ ಊಟದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದಳು.