ಪೆಟ್ಟಿಗೆಯಲ್ಲಿ ಇರಬೇಕಿದ್ದ ಮೂರಡಿ ಖಾಲಿ

ತೆರಕಣಾಂಬಿ ಪಕ್ಕದ ಹಳ್ಳಕ್ಕೆ ಕಟ್ಟಲಿದ್ದ ಒಡ್ಡಿನ ತಳಬಂಡೆ ಗಟ್ಟಿಯೋ ಪೊಳ್ಳೋ ಎಂದು ಹೇಳಲು ಬಿಂದುಶ್ರೀಗೆ ಕೊಟ್ಟದ್ದು ಒಂದೇ ದಿನ. 2006ರಲ್ಲಿ ಭೂವಿಜ್ಞಾನಿಗೆ ಇದ್ದ ಬೆಲೆ ಅಷ್ಟೇ: ಆರು ತಿಂಗಳ ಗುತ್ತಿಗೆ, ಕೂರಲು ಸ್ಟೋರ್ ರೂಮಿನ ಸ್ಟೂಲು.

ಕೊರೆದು ತೆಗೆದ ಕಲ್ಲಿನ ತುಂಡುಗಳು ಮರದ ಪೆಟ್ಟಿಗೆಗಳಲ್ಲಿ ಸಾಲಾಗಿ ಕೂತಿದ್ದವು, ಎಲ್ಲೂ ಸಂದಿಲ್ಲ. ಅವಳಿಗೆ ಅನುಮಾನ ಬಂದದ್ದೇ ಅದರಿಂದ. ಬಂಡೆ ಪುಡಿಯಾಗಿದ್ದ ಕಡೆ ಕೊರೆಯುವ ಕೊಳವೆಗೆ ಏನೂ ಬರುವುದಿಲ್ಲ, ಪೆಟ್ಟಿಗೆಯಲ್ಲಿ ಅಷ್ಟು ಜಾಗ ಖಾಲಿ ಬಿಡಬೇಕು. ಇಲ್ಲಿ ಕೆಂಪುಕಲ್ಲಿನ ನಡುವೆ ಮೂರಡಿ ಕರಿಕಲ್ಲು ಸೇರಿಕೊಂಡಿತ್ತು.

"ಮೂಗಯ್ಯ, ಇದು ಇದೇ ಗುಂಡಿದಾ?" ಎಂದು ಕೊರೆಯುವವನನ್ನು ಕೇಳಿದಳು.

"ಅಲ್ಲ ಕಣವ್ವ. ಅಲ್ಲಿ ಮೂರಡಿ ಏನೂ ಬರ್ನಿಲ್ಲ. ಖಾಲಿ ಬುಟ್ರೆ ಕೆಲ್ಸಗಳ್ಳ ಅಂತ ಬೈತಾರೆ. ಆಚೆ ಗುಂಡೀದ ತಂದು ಜೋಡುಸ್ಬುಟ್ಟೆ."

ಅವನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ, ಪಾಪ, ಅವನಿಗೆ ಹೇಳಿಕೊಟ್ಟವರು ಯಾರು? ಸಿಟ್ಟು ಬಂದದ್ದು ಎಂಜಿನಿಯರ್ ಸುಧಾಕರ್ ಮೇಲೆ. ಮತ್ತೆ ಕೊರೆಸಿ ಎಂದು ಅವಳು ಕೊಟ್ಟ ಪತ್ರವನ್ನು ಓದದೆ ಬದಿಗೆ ತಳ್ಳಿದರು.

"ನೋಡಮ್ಮ, ಕಲ್ಲು ನೋಡೋಕೆ ಕಣ್ಣಿದ್ರೆ ಸಾಕು. ನಿನ್ನ ಸೈನ್ ಬರೀ ಫಾರ್ಮಾಲಿಟಿ. ಹಾಕಲ್ವಾ, ಬಿಡು."

ಅವಳು ಹಾಕಲಿಲ್ಲ. ವರದಿಯಲ್ಲಿ ಭೂವಿಜ್ಞಾನಿ ಸಹಿ ಹಾಕುವ ಸಾಲನ್ನೇ ತೆಗೆದರು, ಗುತ್ತಿಗೆಯೂ ಮುಂದುವರಿಯಲಿಲ್ಲ. ಚಾಮರಾಜನಗರದ ಸೈಬರ್ ಕೆಫೆಯಲ್ಲಿ ಕೂತು, ಪೆರುವಿನ ಸುರಂಗದ ಕೆಲಸದಲ್ಲಿದ್ದ ಸಹಪಾಠಿ ಮಾನಸಳಿಗೆ ನಡೆದದ್ದನ್ನೆಲ್ಲ ಬರೆದಳು. "ಇಲ್ಲೂ ಅದೇ ಕಣೆ, ಕುಸಿದ ಮೇಲೆ ನಮ್ಮನ್ನ ಕರೀತಾರೆ" ಎಂದು ಉತ್ತರ ಬಂತು. ದೇಶದೇಶಕ್ಕೂ ಬಂಡೆ ಬೇರೆ, ತಾತ್ಸಾರ ಮಾತ್ರ ಒಂದೇ.

ಎರಡು ವರ್ಷ ಕಳೆದು ಒಡ್ಡು ಮೊದಲ ಸಲ ತುಂಬಿದಾಗ ನೀರು ಅಡಿಯಿಂದಲೇ ನುಗ್ಗಿ, ಒಡ್ಡಿನ ಕೆಳಗಿದ್ದ ಈರಮ್ಮ ಎಂಬಾಕೆಯ ಅರಿಶಿನದ ಹೊಲವನ್ನು ಕೊಚ್ಚಿಕೊಂಡು ಹೋಯಿತು. ಮೂರನೇ ದಿನ ಸುಧಾಕರ್ ಫೋನು.

"ಮೇಡಂ, ತನಿಖೆಯವರು ಬಂದಿದ್ದಾರೆ. ಕಲ್ಲು ನೋಡಿದ್ದು ನೀವೇ ಅಲ್ವಾ? ವರದಿ ಮೇಲೆ ಹಳೇ ತಾರೀಕು ಹಾಕಿ ಒಂದು ಸೈನ್ ಮಾಡ್ಕೊಡಿ."

ಇವತ್ತು ಮೇಡಂ! ಕಟ್ಟುವಾಗ ಬೇಡವಾದ ಸಹಿ ತಪ್ಪು ಹೊರಿಸಲು ಬೇಕು.

"ಪತ್ರ ಕೊಟ್ಟಿದ್ದೆನಲ್ಲ ಸಾರ್."

"ಅಂಥದ್ದು ಫೈಲಲ್ಲಿ ಯಾವುದೂ ಇಲ್ಲಮ್ಮ."

"ನನ್ನ ಹತ್ತಿರ ನಕಲಿದೆ. ಅವತ್ತೇ ಟಪಾಲಿನಲ್ಲಿ ಹಾಕಿಸಿಕೊಂಡ ನಿಮ್ಮ ಆಫೀಸಿನ ಸೀಲೂ ಇದೆ."

ನಕಲನ್ನು ಚೀಲಕ್ಕೆ ಹಾಕಿಕೊಂಡು, ತನಿಖೆಯವರು ಇಳಿದುಕೊಂಡಿದ್ದ ಗುಂಡ್ಲುಪೇಟೆಗೆ ಬಸ್ಸು ಹತ್ತಿದಳು. ತೆರಕಣಾಂಬಿ ದಾಟುವಾಗ ಈರಮ್ಮನ ಹೊಲ ಕಂಡಿತು. ಮಣ್ಣೆಲ್ಲ ಹೋಗಿ ಬರೀ ಕಲ್ಲು ಉಳಿದಿತ್ತು. ಅದನ್ನು ನೋಡಲು ಮಾತ್ರ ಕಣ್ಣಿದ್ದರೆ ಸಾಕಿತ್ತು.