ತಾನಾಗಿ ಏಳಬೇಕಾದದ್ದು

ಬಿಳಿಚೋಡಿನ ಹಾಲಿನ ಡೇರಿಗೆ ಹೊಸ ತೂಕದ ಯಂತ್ರ ಬಂದಿತ್ತು. ಅಲ್ಲಿನ ಕಂಪ್ಯೂಟರಿಗೆ ಅದರ ಗುರುತು ಸಿಗುತ್ತಿರಲಿಲ್ಲ. ಕಂಪ್ಯೂಟರ್ ಶುರುವಾದಾಗ ಎಲ್ಲಕ್ಕಿಂತ ಮೊದಲು ಏಳುವ ತಂತ್ರಾಂಶ ಕರ್ನಲ್. ಜೋಡಿಸಿದ ಯಂತ್ರಗಳನ್ನು ಗುರುತಿಸುವುದು ಅದೇ. ಡೇರಿಯ ಕಂಪ್ಯೂಟರಿನಲ್ಲಿದ್ದ ಕರ್ನಲ್ ಕಟ್ಟಿದವನು ನನ್ನ ಗಂಡ ಶರಣು. ಅದರ ಹೆಸರಿನ ಕೊನೆಗೆ ತನ್ನ ಹೆಸರು ಸೇರಿಸಿದ್ದ. ಯುಗಾದಿಗೆ ಮುಂಚೆ ಅವನು ತೀರಿಕೊಂಡ. ಜಗಳೂರಿನ ಅವನ ಕಂಪ್ಯೂಟರ್ ಅಂಗಡಿಯನ್ನು ಈಗ ನಾನು ನೋಡುತ್ತೇನೆ. ನಾನು ಓದಿದ್ದೂ ಕಂಪ್ಯೂಟರನ್ನೇ.

"ಈ ಸಲ ಸರಿಹೋಗ್ಲಿಲ್ಲ ಅಂದ್ರೆ ಕಮಿಟಿಯೋರು ದಾವಣಗೆರೆಯೋರ್ನ ಕರೆಸ್ತಾರಂತೆ, ಮೇಡಂ," ಎಂದಿದ್ದರು ಡೇರಿಯ ಕಾರ್ಯದರ್ಶಿ ಯರ್ರಿಸ್ವಾಮಿ. ಅಂಗಡಿಗೆ ಉಳಿದಿದ್ದ ದೊಡ್ಡ ಕೆಲಸ ಡೇರಿಯದೊಂದೇ.

ಹೊಸ ಯಂತ್ರವನ್ನು ಗುರುತಿಸುವ ಕರ್ನಲ್ ಕಟ್ಟಿಕೊಂಡು ಹೋಗಿ ಹಾಕಿದೆ. ಹಳೆಯದನ್ನೂ ಉಳಿಸಿದೆ. ಶುರುವಾಗುವಾಗ ತೆರೆಯ ಮೇಲೆ ಎರಡೂ ಹೆಸರು ಬರುತ್ತವೆ. ಯಾರೂ ಆರಿಸದಿದ್ದರೆ ಮೊದಲ ಸಾಲಿನದು ತಾನಾಗಿ ಏಳುತ್ತದೆ. ಮೊದಲ ಸಾಲಿನಲ್ಲಿ ಶರಣುವಿನದನ್ನೇ ಬಿಟ್ಟೆ. ಎರಡನೆಯದನ್ನು ಆರಿಸುವುದು ಹೇಗೆಂದು ಯರ್ರಿಸ್ವಾಮಿಯವರಿಗೆ ತೋರಿಸಿದೆ. ತೂಕ ಸರಿಯಾಗಿ ಬಂತು. ಬಸ್ಸಿಗೆ ಹೊರಟೆ.

ಬಸ್ ಬರುವ ಮೊದಲೇ ಕರೆಂಟ್ ಹೋಗಿ ಬಂತು. ಹಿಂದೆಯೇ ಫೋನ್. ವಾಪಸ್ ನಡೆದೆ.

ಸಂಜೆಯ ಹಾಲಿನವರು ಬಾಗಿಲವರೆಗೂ ನಿಂತಿದ್ದರು. ಕರೆಂಟ್ ಬಂದಾಗ ಯರ್ರಿಸ್ವಾಮಿ ಚಹಾಕ್ಕೆ ಹೋಗಿದ್ದರಂತೆ. ಆರಿಸುವವರಿಲ್ಲದೆ ಶರಣುವಿನ ಕರ್ನಲ್ ಎದ್ದಿತ್ತು. ತೂಕದ ಅಂಕಿ ಬರುವ ಜಾಗ ಖಾಲಿಯಿತ್ತು. ಬಂದ್ ಮಾಡಿ ಮತ್ತೆ ಹಚ್ಚಲು ಯರ್ರಿಸ್ವಾಮಿಯವರಿಗೆ ಧೈರ್ಯ ಬಂದಿರಲಿಲ್ಲ.

"ಏನ್ ಯರ್ರಿಸ್ವಾಮಿ, ಇಲ್ಲೇ ಹೆಪ್ಪು ಹಾಕಿ ಮೊಸ್ರು ಮಾರಾಕೆ ಕೂತ್ಕಳ್ಳಾ?" ಎಂದಳು ಕ್ಯಾನು ಹಿಡಿದಿದ್ದ ಕರಿಯಕ್ಕ.

"ಸುಮ್ಕಿರಕ್ಕ, ಮೇಡಂ ಬಂದ್ರು." ಅವರು ನನ್ನ ಕಡೆ ತಿರುಗಿದರು. "ಇನ್ಮೇಲೆ ಚಾ ಕುಡಿಯಾಕೂ ಹೋಗಂಗಿಲ್ವೇನ್ರಿ?"

"ಹೋಗ್ರಿ. ನಿಮ್ಮ ತಪ್ಪಲ್ಲ."

ಈ ಕಡೆ ಕರೆಂಟ್ ಬಂದಾಗ ಕಂಪ್ಯೂಟರಿನ ಮುಂದೆ ಯಾರೂ ಇರುವುದಿಲ್ಲ ಎಂದುಕೊಂಡೇ ಮೊದಲ ಸಾಲನ್ನು ನಿರ್ಧರಿಸಬೇಕು. ಅದು ನನಗೆ ಗೊತ್ತಿರದ ವಿಷಯವಲ್ಲ. ನಾನು ಕಟ್ಟಿದ್ದನ್ನು ಮೊದಲ ಸಾಲಿಗೆ ತಂದೆ. ಕಂಪ್ಯೂಟರ್ ಬಂದ್ ಮಾಡಿ ಮತ್ತೆ ಹಚ್ಚಿದೆ, ಗುಂಡಿ ಮುಟ್ಟದೆ ಕಾದೆ. ತಾನಾಗಿ ಎದ್ದಿತು. ತೂಕ ಬಂತು.

ಇನ್ನೊಂದು ಸೆಟ್ಟಿಂಗ್ ಇತ್ತು. ಡಿಸ್ಕಿನಲ್ಲಿ ಎರಡೇ ಕರ್ನಲ್‌ಗೆ ಜಾಗ. ಮುಂದೆ ಮೂರನೆಯದನ್ನು ಹಾಕುವಾಗ ಎಲ್ಲಕ್ಕಿಂತ ಹಳೆಯದು ಅಳಿದುಹೋಗುತ್ತದೆ. ಶರಣುವಿನದನ್ನು ಅಳಿಸಬೇಡ ಎಂದು ಗುರುತು ಹಾಕಬಹುದಿತ್ತು. ಹಾಕಿದರೆ ನನ್ನದು ಹೋಗುತ್ತದೆ. ಆಮೇಲೆ ಆ ಮೂರನೆಯದು ಕೈಕೊಟ್ಟ ದಿನ, ತೂಕ ತೋರಿಸುವ ಕರ್ನಲ್ ಇನ್ನೊಂದಿರುವುದಿಲ್ಲ.

"ಆಯ್ತೇನವ್ವ?" ಎಂದಳು ಕರಿಯಕ್ಕ.

ಗುರುತು ಹಾಕದೆ ಸೆಟ್ಟಿಂಗ್ ಮುಚ್ಚಿದೆ.

"ಆಯ್ತು. ಹಾಲು ಹಾಕ್ರಿ."